ಹಾಲು ಹಾಕಿ ಬಂದ ಮೇಲೆ ತಾಲೀಮು

ತುಮಕೂರು ಸೀಮೆಯ ಊರುಗಳಿಗೆ ನಾಟಕವನ್ನು ಯಾರೂ ಹೊಸದಾಗಿ ತಂದುಕೊಡಬೇಕಿಲ್ಲ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದೇ ಈ ನೆಲದಲ್ಲಿ. ಇವತ್ತಿಗೂ ಸುಗ್ಗಿ ಮುಗಿದರೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ‘ಕುರುಕ್ಷೇತ್ರ’ದ ಪೋಸ್ಟರ್ ಇರುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದ, ವೃತ್ತ ಕಲಿಸುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ಹಣ ಕಟ್ಟಿ, ಕೃಷ್ಣ, ದುರ್ಯೋಧನರಿಗಾದರೆ ಇನ್ನಷ್ಟು ಹೆಚ್ಚು ಕೊಟ್ಟು, ಬೆಳ್ಳಿ ಮೂಡುವವರೆಗೆ ಆಡುತ್ತಾರೆ. ಇಂಥ ಊರಲ್ಲಿ ಕೆರೆಯನ್ನೇ ವಸ್ತುವಾಗಿಟ್ಟುಕೊಂಡು ನಾಟಕ ಕಟ್ಟಲು ಹೊರಟ ನಾನು ಮೊದಲು ಹೋದದ್ದು ಮೇಷ್ಟ್ರ ಮನೆಗೆ.

ಅವರಿಂದ ಕಲಿತದ್ದು ಬಹಳ. ಅಕ್ಷರ ಬಾರದವರಿಗೂ ಮಾತನ್ನು ಕಿವಿಯಿಂದ ಕಿವಿಗೆ ದಾಟಿಸುವ ಕಲೆ ಅವರದು. ಸ್ಕ್ರಿಪ್ಟಿನ ಪ್ರತಿ ಹಂಚಿದ್ದರೆ ನಮ್ಮ ತಂಡದ ಅರ್ಧ ಜನ ಎದ್ದು ಹೋಗುತ್ತಿದ್ದರು.

ಆದರೆ ಆ ರಂಗದಲ್ಲಿ ಊರಿನ ಹೆಣ್ಣುಮಕ್ಕಳು ಇರಲಿಲ್ಲ. ಸ್ತ್ರೀಪಾತ್ರಕ್ಕೆ ಹೊರಗಿನ ಕಲಾವಿದೆಯರನ್ನು ಕರೆಸುವುದು ವಾಡಿಕೆ. ಊರಿನ ಹೆಂಗಸರ ಜಾಗ ಏನಿದ್ದರೂ ನೋಡುವವರ ಚಾಪೆಯ ಮೇಲೆ. ಅವರು ಬರಬೇಕೆಂದರೆ ಭಾಷಣ ಬೇಡ, ಹೊತ್ತು ಸರಿಯಾಗಿರಬೇಕು. ಸಂಜೆ ಡೈರಿಗೆ ಹಾಲು ಹಾಕಿ, ಒಲೆ ಹಚ್ಚುವ ಮುಂಚೆ ಸಿಗುವ ಸಣ್ಣ ಬಿಡುವೇ ನಮ್ಮ ತಾಲೀಮು. ಮಕ್ಕಳೂ ಜೊತೆಗೇ. ಪಾತ್ರಕ್ಕೆ ಹಣವಿಲ್ಲ ಎಂದು ಮೊದಲ ದಿನವೇ ಹೇಳಿದೆವು. ಖರ್ಚಿಗೆ ಮನೆಮನೆಯ ಅಕ್ಕಿ, ಕಾಯಿ, ಚಂದಾ ಸಾಕಾಯಿತು.

ಕೆರೆ ಎಂದಮೇಲೆ ‘ಕೆರೆಗೆ ಹಾರ’ ಬಾರದೆ ಇರುತ್ತದೆಯೇ? ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿ ಬಲಿಯಾಗುವ ಕಥೆ ಎಲ್ಲರಿಗೂ ಬಾಯಿಪಾಠ. ಅವಳು ತವರಿಗೆ ಹೋಗಿ ಹೆತ್ತವರ ಮುಂದೆ ನಿಜ ಹೇಳದೆ ಬರುವ ಭಾಗವನ್ನು ಆಡಿ ನೋಡುತ್ತಿದ್ದೆವು. ಬೀಡಿ ಕಟ್ಟುವ ಒಬ್ಬ ಹೆಂಗಸು ತಟ್ಟನೆ ನಿಂತು, “ಅವಳು ಹೇಳ್ಲಿಲ್ಲ ಸರಿ, ಅವ್ವ ಯಾಕೆ ಇನ್ನೂ ಕೆದಕಿ ಕೇಳ್ಲಿಲ್ಲ?” ಎಂದಳು. ಆ ಸಂಜೆ ತಾಲೀಮು ಅಲ್ಲೇ ನಿಂತು ಮಾತು ಶುರುವಾಯಿತು. ತವರಿನ ಹೊಸಿಲಲ್ಲಿ ತಾವು ನುಂಗಿಕೊಂಡ ಮಾತುಗಳನ್ನು ಒಬ್ಬೊಬ್ಬರೇ ಹೇಳತೊಡಗಿದರು. ಕೆಲವನ್ನು ಅವರ ಒಪ್ಪಿಗೆಯಿಂದ ನಾಟಕಕ್ಕೆ ಸೇರಿಸಿಕೊಂಡೆವು. ಕೆಲವು ಅಲ್ಲೇ ಉಳಿದವು, ಉಳಿಯಲೇಬೇಕಿತ್ತು. ಜನರ ಜೊತೆ ನಾಟಕ ಮಾಡುವವನಿಗೆ ಈ ವಿವೇಕಕ್ಕಿಂತ ದೊಡ್ಡ ಕಸುಬು ಇಲ್ಲವೆಂದೇ ನನ್ನ ನಂಬಿಕೆ.

ಕೆರೆಯ ನೀರು ಹಂಚುವ ನೀರುಗಂಟಿ ಮನೆತನದ ಹಿರಿಯರೊಬ್ಬರು ತೂಬು ಎತ್ತುವ ಬಗೆ, ಸರದಿಯಲ್ಲಿ ಗದ್ದೆಗೆ ನೀರು ಬಿಡುವ ಬಗೆಯನ್ನು ಮೈಯಲ್ಲೇ ಮಾಡಿ ತೋರಿಸಿದರು. ಬೋರ್‌ವೆಲ್ ಬಂದ ಮೇಲೆ ಹುಟ್ಟಿದ ಹುಡುಗರು ಅದನ್ನು ಕಂಡದ್ದು ಅದೇ ಮೊದಲು. ಎರಡನೇ ಅಂಕ ಪೂರ್ತಿ ಆ ಹಿರಿಯರದೇ ಆಯಿತು.

ನಾಟಕದ ಕೊನೆಯ ಬಗ್ಗೆ ಜಗಳವಾಯಿತು. ಭಾಗೀರಥಿ ಬಲಿಗೆ ಒಲ್ಲೆ ಎನ್ನಲಿ ಎಂದು ಕಾಲೇಜು ಹುಡುಗರ ಪಟ್ಟು. ಕಥೆ ಮುಟ್ಟಬಾರದು ಎಂದು ಹಿರಿಯರು. ಹೆಂಗಸರು ಎರಡನ್ನೂ ಒಪ್ಪಲಿಲ್ಲ. ಅವಳು ಕೆರೆಗೆ ಇಳಿಯಲಿ, ಆದರೆ ನೀರು ಬಂದ ಮೇಲೆ ಗೌಡ ಮನೆಗೆ ಹೋಗಕೂಡದು, ಏರಿಯ ಮೇಲೆ ನಿಂತು ಸೊಸೆಯಂದಿರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂದರು. ವರ್ಷಗಟ್ಟಲೆ ದುರ್ಯೋಧನನಾಗಿ ಗುಡುಗಿದ್ದ ನಮ್ಮ ಗೌಡನ ಪಾತ್ರಧಾರಿಗೆ ಆ ದೃಶ್ಯದಲ್ಲಿ ಬರೆದ ಮಾತು ಒಂದೂ ಇರಲಿಲ್ಲ. ಪ್ರತಿ ಪ್ರದರ್ಶನದಲ್ಲೂ ಪ್ರಶ್ನೆ ಬೇರೆ, ಉತ್ತರವೂ ಬೇರೆ.