ಚಿಕಿತ್ಸೆಯೂ ಅಭಯವೂ

ಸೊರಬದಿಂದ ಶಿರಾಳಕೊಪ್ಪದ ಮಾರ್ಗವಾಗಿ ಹೋದರೆ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯವನ್ನು ತಲಪಬಹುದು. ಒಂದು ಕಾಲದಲ್ಲಿ ಅಲ್ಲಿ ಕೋಡಿಯಮಠವೆಂಬ ಪ್ರಖ್ಯಾತ ವಿದ್ಯಾಕೇಂದ್ರವಿತ್ತು. 1162ರ ಶಾಸನವೊಂದು ಅದನ್ನು ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಳವೆಂದೂ ಸಕಲ ಜೀವಿಗಳಿಗೆ ಅಭಯ ದೊರೆಯುವ ಸ್ಥಳವೆಂದೂ ಕೊಂಡಾಡಿದೆ. ಕಳಚುರಿ ಬಿಜ್ಜಳನು ಅದಕ್ಕೆ ದತ್ತಿ ಬಿಟ್ಟನು. ಎಂದರೆ ಪ್ರಜೆಗಳು ತೆತ್ತ ಕಂದಾಯವೇ ಅಲ್ಲಿಗೆ ಸಂದಿತು. ರೋಗಿಗೆ ಚಿಕಿತ್ಸೆ, ಜೀವಿಗೆ ಅಭಯ ಇವೆರಡೂ ಎಂದಾದರೊಮ್ಮೆ ಪರಸ್ಪರ ಎದುರಾಗಬಹುದೆಂದು ಶಾಸನವನ್ನು ಬರೆಯಿಸಿದವರು ಎಣಿಸಿರಲಾರರು. ನಮ್ಮ ಕಾಲದಲ್ಲಿ ಅವು ಎದುರಾಗಿವೆ.

ಐದಾರು ದಿನಗಳ ಮಾನವ ಭ್ರೂಣವು ನೂರಿನ್ನೂರು ಜೀವಕೋಶಗಳ ಒಂದು ಪುಟ್ಟ ಗುಳ್ಳೆ. ಅದರ ಒಳಗಿನ ಕೋಶಗಳು ಹೃದಯ, ನರ, ರಕ್ತ ಮುಂತಾದ ದೇಹದ ಯಾವ ಭಾಗವಾಗಿಯಾದರೂ ಬೆಳೆಯಬಲ್ಲವು. ಸ್ಟೆಮ್ ಸೆಲ್ ಎಂದು ಕರೆಯಲ್ಪಡುವ ಆಕರಕೋಶಗಳು ಇವೇ. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಅವರು ಇವನ್ನು ಬೇರ್ಪಡಿಸಿ ಬೆಳೆಸಿದಾಗ, ಮಧುಮೇಹದಿಂದಲೂ ಬೆನ್ನುಹುರಿಯ ಗಾಯದಿಂದಲೂ ನರಳುವವರಲ್ಲಿ ಹೊಸ ಆಸೆ ಚಿಗುರಿತು. ಆದರೆ ಕೋಶಗಳನ್ನು ತೆಗೆದ ಬಳಿಕ ಆ ಭ್ರೂಣವು ಉಳಿಯುವುದಿಲ್ಲ.

ಧರ್ಮಚಿಂತಕರ ಆಕ್ಷೇಪ ಹುಟ್ಟಿದ್ದು ಇಲ್ಲಿಯೇ. ಅಂಡವು ಫಲಿತವಾದ ಗಳಿಗೆಯಿಂದಲೇ ಅದನ್ನು ಮನುಷ್ಯನೆಂದು ಗೌರವಿಸಬೇಕೆಂಬುದು ಕ್ಯಾಥೊಲಿಕ್ ಸಭೆಯ ಬೋಧನೆ. ಒಬ್ಬನ ಆರೋಗ್ಯಕ್ಕಾಗಿ ಮತ್ತೊಬ್ಬನನ್ನು ಬಲಿಗೊಡಬಹುದೇ? ಅದೂ ಸರ್ಕಾರದ ಹಣದಿಂದ ನಡೆದರೆ, ಅದನ್ನು ಪಾಪವೆಂದು ನಂಬಿದವನ ತೆರಿಗೆಯೂ ಅದರಲ್ಲಿ ಸೇರುತ್ತದೆಯಲ್ಲವೇ? ಈ ಪ್ರಶ್ನೆಗಳನ್ನು ವಿಜ್ಞಾನದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. 2001ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅವರು, ಆಗಲೇ ಸಿದ್ಧವಾಗಿದ್ದ ಕೋಶಸಂತತಿಗಳ ಸಂಶೋಧನೆಗೆ ಮಾತ್ರ ಸರ್ಕಾರದ ಹಣವೆಂದು ವಿಧಿಸಿದರು. ಅಂಥ ಸಂತತಿಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹೆಸರೂ ಇತ್ತು! 2009ರಲ್ಲಿ ಒಬಾಮ ಅವರು ಆ ಕಟ್ಟಳೆಯನ್ನು ತೆಗೆದುಹಾಕಿದರು.

ಎಲ್ಲ ಮತಗಳೂ ಒಂದೇ ಉತ್ತರವನ್ನು ಕೊಟ್ಟಿಲ್ಲ. ಗರ್ಭಕ್ಕೆ 120 ದಿನ ತುಂಬಿದಾಗ ಆತ್ಮವು ಸೇರುತ್ತದೆಂಬುದು ಅನೇಕ ಇಸ್ಲಾಂ ವಿದ್ವಾಂಸರ ಮತ. ಚರಕಸಂಹಿತೆಯಾದರೋ ಶುಕ್ರ, ಶೋಣಿತ, ಜೀವ ಇವು ಕುಕ್ಷಿಯಲ್ಲಿ ಕೂಡಿದಾಗ ಗರ್ಭವೆನ್ನುತ್ತದೆ. ಜೀವವು ಮೊದಲಿನಿಂದಲೇ ಇದೆ ಎಂಬವರು ಈ ಮಾತನ್ನು ಆಧರಿಸಬಹುದು. ಗಾಜಿನ ಬಟ್ಟಲು ಕುಕ್ಷಿಯಲ್ಲವೆಂಬವರೂ ಇದನ್ನೇ ಆಧರಿಸಬಹುದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆ. ಅಲ್ಲಿ ಮನೀಷಾ ಇನಾಮದಾರ್ ಅವರೂ ಸಂಗಡಿಗರೂ ಎರಡು ಕೋಶಸಂತತಿಗಳನ್ನು ಬೆಳೆಸಿದರು. ಬಂಜೆತನದ ಚಿಕಿತ್ಸೆಗಾಗಿ ರೂಪುಗೊಂಡು, ಗುಣಮಟ್ಟ ಸಾಲದೆಂದು ತ್ಯಜಿಸಲ್ಪಟ್ಟ ಭ್ರೂಣಗಳೇ ಅವುಗಳ ಮೂಲ. ಭ್ರೂಣವನ್ನು ನೀಡುವ ದಂಪತಿಗಳ ಒಪ್ಪಿಗೆ ಪಡೆಯಬೇಕು, ಭ್ರೂಣವನ್ನು ಮಾರಬಾರದು, 14 ದಿನ ಮೀರಿ ಬೆಳೆಸಬಾರದು ಎಂಬುವು ನಮ್ಮ ದೇಶದ 2017ರ ಮಾರ್ಗಸೂಚಿಯ ಕಟ್ಟಳೆಗಳು. ಎಸೆಯುವುದಕ್ಕಿಂತ ಉಪಯೋಗಿಸುವುದು ಮೇಲೆಂಬ ವಾದ ಬಲವಾದುದೇ. ಆದರೂ ಸಾಯಲಿರುವವನ ದೇಹವನ್ನು ಅವನು ಬದುಕಿರುವಾಗಲೇ ಬಳಸುವೆವೇ ಎಂದು ಆಕ್ಷೇಪಕರು ಮರುಪ್ರಶ್ನೆ ಹಾಕುತ್ತಾರೆ.

ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ ಚರ್ಮದ ಕೋಶಗಳನ್ನೂ ಮರುವರ್ಷ ಮನುಷ್ಯನ ಚರ್ಮದ ಕೋಶಗಳನ್ನೂ ಭ್ರೂಣದ ಆಕರಕೋಶಗಳಂತೆಯೇ ಮಾರ್ಪಡಿಸಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಇನ್ನು ವಾದವೇ ಮುಗಿಯಿತೆಂದು ಹಲವರು ನೆಮ್ಮದಿಯಿಂದ ಉಸಿರುಬಿಟ್ಟರು. ಆದರೆ ಹೊಸ ಕೋಶಗಳು ನಿಜವಾಗಿಯೂ ಭ್ರೂಣಕೋಶಗಳಿಗೆ ಸಮವೇ ಎಂದು ಒರೆಹಚ್ಚಿ ನೋಡಲು ಭ್ರೂಣಕೋಶಗಳೇ ಬೇಕಾದುವು.