ಬಿಳಿ ಕಲೆ ಕಂಡರೆ ಗರ್ಭಕೋಶ ತೆಗೆಸಬೇಕೆ?

ಪ್ರಶ್ನೆ: ನನಗೆ 42 ವರ್ಷ. ಆಶಾ ಕಾರ್ಯಕರ್ತೆ ಬಿಡದೆ ಕರೆದರೆಂದು ಆರೋಗ್ಯ ಕೇಂದ್ರಕ್ಕೆ ಹೋದೆ. ಗರ್ಭಕಂಠಕ್ಕೆ ಏನೋ ದ್ರಾವಣ ಹಚ್ಚಿ ನೋಡಿ ‘ಪಾಸಿಟಿವ್’ ಎಂದು ಬರೆದುಕೊಟ್ಟರು. ನನಗೆ ಯಾವ ತೊಂದರೆಯೂ ಇಲ್ಲ. ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡು’ ಎನ್ನುತ್ತಾರೆ ಮನೆಯವರು. ನನಗೆ ಕ್ಯಾನ್ಸರ್ ಇದೆಯೇ?
– ಹೆಸರು ಬೇಡ, ಹಾವೇರಿ

ಉತ್ತರ: ಆ ಚೀಟಿಯಲ್ಲಿ ಹಾಗೇನೂ ಬರೆದಿಲ್ಲ, ಗಾಬರಿ ಬೇಡ. ಹಚ್ಚಿದ್ದು ಅಸಿಟಿಕ್ ಆಮ್ಲ, ವಿನೆಗರ್‌ನಲ್ಲಿ ಇರುವಂಥದ್ದೇ. ಒಂದು ನಿಮಿಷ ಕಾದರೆ, ಜೀವಕೋಶ ಬದಲಾಗಿರುವ ಜಾಗ ಬೆಳ್ಳಗಾಗುತ್ತದೆ. ಬರೀ ಸೋಂಕು, ಉರಿಯೂತ ಇದ್ದರೂ ಬೆಳ್ಳಗಾಗುವುದುಂಟು. ಹಾಗಾಗಿ ಪಾಸಿಟಿವ್ ಎಂದರೆ ‘ಇನ್ನಷ್ಟು ಹತ್ತಿರದಿಂದ ನೋಡಬೇಕು’ ಎಂದಷ್ಟೇ.

ಹಾಗೆ ನೋಡುವುದಕ್ಕೇ ಕಾಲ್ಪೋಸ್ಕೋಪಿ ಇದೆ. ಅದರ ಮಸೂರದಲ್ಲಿ ಕಲೆ ದೊಡ್ಡದಾಗಿ ಕಾಣುತ್ತದೆ. ಅನುಮಾನವಿದ್ದರೆ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್‌ಗೆ ಮುಂಚಿನ ಹಂತವಾದರೆ ಆ ಭಾಗವನ್ನಷ್ಟೇ ಶೀತದಿಂದ ಸುಡಬಹುದು, ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯಬಹುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ಗರ್ಭಕೋಶದ ಮಾತಿಗೆ ಬರೋಣ. ಬಯಾಪ್ಸಿ ಇಲ್ಲದೆ ಅದನ್ನು ತೆಗೆಸಲು ಅವಸರ ಮಾಡುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಒಳಗೆ ನಿಜಕ್ಕೂ ಕ್ಯಾನ್ಸರ್ ಅಡಗಿದ್ದರೆ ಸಾಧಾರಣ ಶಸ್ತ್ರಚಿಕಿತ್ಸೆ ಸಾಲದು, ಮುಂದಿನ ಚಿಕಿತ್ಸೆಯೂ ಜಟಿಲವಾಗುತ್ತದೆ. ಆರಂಭದ ಹಂತದಲ್ಲಿ ಹೆಚ್ಚಾಗಿ ಸುತ್ತಲ ಅಂಗಾಂಶ, ದುಗ್ಧಗ್ರಂಥಿಗಳನ್ನೂ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕು. ಗೆಡ್ಡೆ ದೊಡ್ಡದಾಗಿದ್ದರೆ, ಪಕ್ಕಕ್ಕೆ ಹಬ್ಬಿದ್ದರೆ ಚಾಕುವಿಗಿಂತ ವಿಕಿರಣವೇ ಮೇಲು: ಸುಮಾರು 5 ವಾರ ಹೊರಗಿನಿಂದ, ಜೊತೆಗೆ ವಾರಕ್ಕೊಮ್ಮೆ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್, ಆಮೇಲೆ ಒಳಗಿನಿಂದ ಬ್ರಾಕಿಥೆರಪಿ.

ಇನ್ನೊಂದು ಮಾತು. ಗರ್ಭಕಂಠದ ಕ್ಯಾನ್ಸರ್‌ನ ಮೂಲ ಎಚ್‌ಪಿವಿ ವೈರಸ್, ಲೈಂಗಿಕ ಸಂಪರ್ಕದಿಂದ ಬರುವಂಥದ್ದು. ಹಾಗೆಂದು ಗಂಡನೊಡನೆ ಜಗಳಕ್ಕೆ ನಿಲ್ಲಬೇಡಿ. ಅದು ಹೆಚ್ಚಿನವರಿಗೆ ಒಮ್ಮೆಯಾದರೂ ತಗಲುತ್ತದೆ, ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ನಿಮ್ಮ ಕೈಯಲ್ಲಿ ಸಮಯವಿದೆ; ಅದಕ್ಕೇ ಈ ತಪಾಸಣೆ.

ಪ್ರಶ್ನೆ: ಮಗಳಿಗೆ 13. ಈಗಲೇ ಎಚ್‌ಪಿವಿ ಲಸಿಕೆ ಬೇಕೆ?

ಉತ್ತರ: ಈಗಲೇ. ವೈರಸ್ ತಗಲುವ ಮುಂಚೆ ಕೊಟ್ಟರೇ ಪೂರ್ತಿ ಫಲ. ಈ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ಕ್ಕೆ ಕಾರಣವಾದ 16 ಮತ್ತು 18ನೇ ಬಗೆಗಳನ್ನು ಲಸಿಕೆ ತಡೆಯುತ್ತದೆ. ಉಳಿದ ಬಗೆಗಳೂ ಇರುವುದರಿಂದ ದೊಡ್ಡವಳಾದ ಮೇಲೆ, 30 ದಾಟಿದಾಗ, ಅವಳಿಗೂ ತಪಾಸಣೆ ತಪ್ಪದು.

ಪ್ರಶ್ನೆ: ಅಮ್ಮನಿಗೆ 58. ಮುಟ್ಟು ನಿಂತು 8 ವರ್ಷವಾದ ಮೇಲೆ ಈಗ ಎರಡು ಸಲ ರಕ್ತದ ಕಲೆ ಕಂಡಿದೆ. ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿಯುತ್ತಿದ್ದಾರೆ.

ಉತ್ತರ: ಎಳನೀರು ಕುಡಿಯಲಿ, ಅಡ್ಡಿಯಿಲ್ಲ, ಆದರೆ ಈ ವಾರವೇ ಸ್ತ್ರೀರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ. ಕಾರಣ ಸಣ್ಣದೇ ಇದ್ದೀತು. ಆದರೂ, ಒಳಗೆ ಪರೀಕ್ಷಿಸದೆ ಮಾತ್ರೆ ಬರೆದುಕೊಟ್ಟರೆ ಎದ್ದು ಬರಬೇಡಿ, ‘ಒಮ್ಮೆ ನೋಡಿ ಡಾಕ್ಟ್ರೇ’ ಎಂದು ಕೇಳಿ.