ಪ್ರಚಾರ ಚಿತ್ರಕ್ಕೆ ಪ್ರಸಾಧನ ಕಲಾವಿದರ ನೇಮಕ: ಒಪ್ಪಂದಕ್ಕೆ ಮುನ್ನ

ಉದ್ಯಮಿಗಳು ಪ್ರಚಾರ ಚಿತ್ರ ತೆಗೆಸುವಾಗ ಕ್ಯಾಮೆರಾ ಹಾಗೂ ದೀಪಗಳ ಬಾಡಿಗೆಯನ್ನು ಮೊದಲೇ ಲೆಕ್ಕ ಹಾಕುತ್ತಾರೆ. ಪ್ರಸಾಧನ, ಕೇಶಾಲಂಕಾರಗಳ ಸಂಭಾವನೆ ಮಾತ್ರ ಕೊನೆಯ ಗಳಿಗೆಯ ಚೌಕಾಸಿಗೆ ಉಳಿಯುತ್ತದೆ. ಬೆವರಿನಿಂದ ಹೊಳೆಯುವ ಮುಖದ ಕಾರಣ ದೃಶ್ಯವನ್ನು ಪುನಃ ಚಿತ್ರಿಸಬೇಕಾದಲ್ಲಿ ಎಲ್ಲ ಬಾಡಿಗೆಯನ್ನೂ ಎರಡನೆಯ ಬಾರಿ ತೆರಬೇಕಾಗುತ್ತದೆ. ಆದುದರಿಂದ ಕೆಳಗಿನ ಅಂಶಗಳು ಗಮನಾರ್ಹ.

1. ಆಯ್ಕೆ: ಮದುವೆಯ ಅಲಂಕಾರದಲ್ಲಿ ನಿಪುಣರಾದವರೆಲ್ಲರೂ ಕ್ಯಾಮೆರಾಕ್ಕೆ ಹೊಂದುವರೆಂದಲ್ಲ. ಚಿತ್ರೀಕರಣದ ದೀಪದಲ್ಲಿಯೇ ಒಮ್ಮೆ ಪರೀಕ್ಷಿಸಿರಿ. ಚಲನಚಿತ್ರರಂಗದಲ್ಲಿ ಮಹಿಳೆಯರಿಗೆ ಪ್ರಸಾಧನ ವೃತ್ತಿಯನ್ನು ನಿರಾಕರಿಸುತ್ತಿದ್ದ ಸಂಘದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2014ರ ನವೆಂಬರ್‌ನಲ್ಲಿ ರದ್ದುಪಡಿಸಿದೆ. ಆಯ್ಕೆಗೆ ಕೌಶಲವೊಂದೇ ಮಾನದಂಡವಾಗಿರಲಿ.

2. ದರ: ಮುಖಗಳ ಸಂಖ್ಯೆಗೋ, ದಿನಕ್ಕೋ ಎಂಬುದನ್ನು ಲಿಖಿತವಾಗಿ ನಿರ್ಧರಿಸಿರಿ. ಕೆಲಸದ ಅವಧಿ, ಚಿತ್ರೀಕರಣ ಮುಗಿಯುವವರೆಗೆ ಸ್ಥಳದಲ್ಲಿರುವ ಹೊಣೆ, ಸಹಾಯಕರು, ಮುಂಗಡ, ರದ್ದತಿಯ ಷರತ್ತುಗಳು ಅದರಲ್ಲಿರಬೇಕು. ಬೀದರ್‌ನಿಂದ ಡಾಬಕಾದಂತಹ ಊರಿಗೆ ಹೋಗುವುದಾದರೆ ಪ್ರಯಾಣ, ಊಟದ ವೆಚ್ಚ ಯಾರದೆಂದು ನಮೂದಿಸಿರಿ.

3. ಶುಚಿತ್ವ: ಒಬ್ಬರಿಗೆ ಬಳಸಿದ ಕುಂಚ, ಸ್ಪಂಜುಗಳನ್ನು ಶುಚಿಗೊಳಿಸದೆ ಮತ್ತೊಬ್ಬರಿಗೆ ಬಳಸಕೂಡದು. ಸಾಮಗ್ರಿಗಳ ಬಳಕೆಯ ಅವಧಿಯನ್ನು ಪರಿಶೀಲಿಸಿರಿ. ಚರ್ಮದ ಅಲರ್ಜಿಯುಳ್ಳವರನ್ನು ಮೊದಲೇ ವಿಚಾರಿಸಿರಿ.

4. ಮಿತಿ: ಬಿದರಿ ಕಲೆಯ ಚಿತ್ರದಲ್ಲಿ ಪ್ರೇಕ್ಷಕನು ನೋಡುವುದು ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸುವ ಕೈಗಳನ್ನು. ಕುಶಲಕರ್ಮಿಯ ಮುಖದ ಬೆವರನ್ನು ಒರೆಸಿದರೆ ಸಾಕು. ಕೈಯ ಮಸಿ, ಗಾಯದ ಗುರುತುಗಳನ್ನು ಮುಚ್ಚಬಾರದು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಸರಕಿಗೆ ಆ ಕೈಗಳೇ ನಂಬಿಕೆಯ ಮುದ್ರೆ. ಈ ಮಾತನ್ನು ಕಲಾವಿದರಿಗೆ ಮುಂಚಿತವಾಗಿ ತಿಳಿಸುವ ಹೊಣೆ ಉದ್ಯಮಿಯದೇ.